ಹನ್ನೊಂದನೇ ಕಲಮಿನ ಹಂದಿ

ಖಾನಾಪುರದ ಕಡೆ ಭತ್ತಕ್ಕೆ ಹಾಲು ತುಂಬುವ ಹೊತ್ತಿಗೆ ಕಾಡುಹಂದಿಯ ಹಿಂಡಿನ ಬೆನ್ನಿಗೇ ಒಂದು ಬೇಡಿಕೆಯೂ ಬರುತ್ತದೆ: ಹಂದಿಯನ್ನು ಪೀಡಕ ಪ್ರಾಣಿಯೆಂದು ಘೋಷಿಸಿ, ಹೊಲಕ್ಕೆ ಬಂದದ್ದನ್ನು ಹೊಡೆಯಲು ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 62ನೇ ಕಲಮಿನಲ್ಲಿ ಅದಕ್ಕೆ ಅವಕಾಶವಿದೆ. ಘೋಷಿಸಬೇಕಾದದ್ದು ಕೇಂದ್ರ ಸರ್ಕಾರ. ಬೆಳಗಾವಿಯ ವೇದಿಕೆಗಳಲ್ಲಿ ಈ ಕಲಮಿಗೆ ಬೀಳುವ ಚಪ್ಪಾಳೆ ಅದರ ಯೋಗ್ಯತೆಗೆ ಮೀರಿದ್ದು. ರೈತನಿಗೆ ಬೇಕಾದದ್ದು ಅದೇ ಕಾಯ್ದೆಯ 11ನೇ ಕಲಮಿನಲ್ಲಿ ಆಗಲೇ ಇದೆ. ಅದನ್ನು ಹೊಗಳುವವರಿಲ್ಲ, ಓದುವವರೂ ಕಡಿಮೆ.

ಅದರ ಒಂದನೇ ಉಪಕಲಮಿನ ‘ಬಿ’ ಭಾಗವನ್ನು ನಿಧಾನವಾಗಿ ಓದಬೇಕು. ಪ್ರಾಣಿ ಮನುಷ್ಯನ ಜೀವಕ್ಕೋ ಆಸ್ತಿಗೋ ಅಪಾಯವಾಗಿದೆಯೆಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು, ಇಲ್ಲವೇ ಅಧಿಕಾರ ಪಡೆದ ಅಧಿಕಾರಿ, ಕಾರಣ ಬರೆದು ಲಿಖಿತ ಆದೇಶದಿಂದ ಬೇಟೆಗೆ ಅನುಮತಿ ಕೊಡಬಹುದು. ಆಸ್ತಿಯೆಂದರೆ ಯಾವುದೇ ಜಮೀನಿನಲ್ಲಿ ನಿಂತ ಬೆಳೆಯೂ ಹೌದು. ಉತಾರ ಯಾರ ಹೆಸರಿನಲ್ಲಿದೆ ಎಂದು ಕಲಂ ಕೇಳುವುದಿಲ್ಲ. ಲಾವಣಿಗೆ ಜಮೀನು ಹಿಡಿದವನ ಭತ್ತಕ್ಕೂ ಅಷ್ಟೇ ತೂಕ. ತಪ್ಪಿತಸ್ಥ ಹಂದಿಯನ್ನೇ ಗುರುತು ಹಿಡಿಯಬೇಕೆಂಬ ಹಟವೂ ಇಲ್ಲ. ಗೊತ್ತುಪಡಿಸಿದ ಪ್ರದೇಶದ ಹಿಂಡಿಗೇ ಆದೇಶ ಹೊರಡಿಸಬಹುದು. 2022ರ ತಿದ್ದುಪಡಿ ಅನುಸೂಚಿಗಳನ್ನು ಆರರಿಂದ ನಾಲ್ಕಕ್ಕೆ ಇಳಿಸಿ ಹಂದಿಯನ್ನು ಮೂರನೆಯದರಿಂದ ಎರಡನೆಯದಕ್ಕೆ ತಂದಾಗಲೂ ಈ ದಾರಿ ಮುಚ್ಚಲಿಲ್ಲ. ಇಷ್ಟು ಸಡಿಲಿಕೆಗೆ ಬಿಗಿ ಎರಡೇ ಕಡೆ: ಕಾರಣ ಬರೆಯಲೇಬೇಕು, ಮತ್ತು 39ನೇ ಕಲಮಿನ ಪ್ರಕಾರ ಹೊಡೆದ ಹಂದಿ ಸರ್ಕಾರದ ಸ್ವತ್ತು. ಪೀಡಕವೆಂದು ಘೋಷಿತವಾದ ಪ್ರಾಣಿಗೆ ಈ ಎರಡೂ ಇಲ್ಲ. ಬೆಳೆ ಉಳಿಯಲೆಂದು ಗುಂಡು ಹಾರಿಸಿದವನಿಗೆ ಮಾಂಸ ಸಿಗದಿದ್ದರೆ ನಷ್ಟವಿಲ್ಲ. ನಷ್ಟ ಬೆಳೆಯ ಹೆಸರು ಹೇಳಿಕೊಂಡು ಶಿಕಾರಿಗೆ ಹೊರಟವನಿಗೆ.

62ರ ವಕೀಲರು ಬಿಹಾರದತ್ತ ನೋಡಲಿ. 2015ರ ಕೊನೆಗೆ ಅಲ್ಲಿ ನೀಲಗಾಯಿ, ಕಾಡುಹಂದಿಗಳನ್ನು ಪೀಡಕವೆಂದು ಸಾರಿದರು. 2016ರ ಜೂನಿನಲ್ಲಿ ಮೊಕಾಮಾದಲ್ಲಿ ಹೊರಗಿನಿಂದ ಕರೆಸಿದ ಬಂದೂಕುದಾರರು ಇನ್ನೂರಕ್ಕೂ ಹೆಚ್ಚು ನೀಲಗಾಯಿಗಳನ್ನು ಕೆಡವಿದರು. ಎಷ್ಟು ಬಿದ್ದವು ಎಂಬುದು ಸುದ್ದಿಯಾಯಿತು, ಎಷ್ಟು ಬೆಳೆ ಉಳಿಯಿತು ಎಂಬುದು ಆಗಲಿಲ್ಲ. ಅಮೆರಿಕದಲ್ಲಿ ದಶಕಗಟ್ಟಲೆ ಕೊಂದರೂ ತೋಳದ ಬಂಧುವಾದ ಕಯೋಟಿಯ ನೆಲೆ ಹಬ್ಬುತ್ತಲೇ ಹೋಯಿತು. ಇಲ್ಲಿಯಂತೂ 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಹುಲಿ, ಚಿರತೆ, ಕಾಡುನಾಯಿಗಳಿಗೆ ಹಂದಿಯೂ ಆಹಾರ. ಅದು ತೀರಿದರೆ ಅವು ಕೊಟ್ಟಿಗೆಯತ್ತ ತಿರುಗುತ್ತವೆ. ಇಷ್ಟು ಹೇಳಿದ ಕೂಡಲೇ ಎದುರು ಪಾಳಯ ತಲೆದೂಗುತ್ತದೆ, ಬೇಟೆಯೆಲ್ಲ ಕೊಲೆಯೇ ಎಂದು ಬರೆಯುವ ನಗರದ ಲೇಖಕರ ಪಾಳಯ. ಅವರ ಮೇಲೆ ನನ್ನ ತಕರಾರು ಇನ್ನೂ ದೊಡ್ಡದು. ಪರವಾನಗಿಯ ಬಂದೂಕು ಬಾರದ ಹೊಲಕ್ಕೆ ಅಹಿಂಸೆ ಬರುವುದಿಲ್ಲ. ತಂತಿಯ ಉರುಳು ಬರುತ್ತದೆ, ಸಿಡಿಮದ್ದಿನ ಉಂಡೆ ಬರುತ್ತದೆ, ಲೈನಿನಿಂದ ನೇರ ಎಳೆದ ಕರೆಂಟು ಬರುತ್ತದೆ. ಉರುಳಿಗೆ ಹಂದಿ, ಚಿರತೆ ಎಂಬ ಭೇದವಿಲ್ಲ. ಕರೆಂಟಿಗೆ ಆನೆ, ಆಳು ಎಂಬ ಭೇದವಿಲ್ಲ. ಕಾಯ್ದೆಯ ಕಣ್ಣಿಗೆ ಇವೂ ಬೇಟೆಯೇ, ಅಪರಾಧವೇ. ಆದರೆ ಬಂದೂಕಿನ ವಿರುದ್ಧ ಹರಿಯುವಷ್ಟು ಶಾಯಿ ಇವುಗಳ ವಿರುದ್ಧ ಹರಿಯುವುದಿಲ್ಲ, ಏಕೆಂದರೆ ಇವು ಫೋಟೋಗೆ ನಿಲ್ಲುವುದಿಲ್ಲ.

ಗಟ್ಟಿ ಆಕ್ಷೇಪ ಒಂದಿದೆ: ಹಿಂಡು ರಾತ್ರೋರಾತ್ರಿ ಗದ್ದೆ ಮುಗಿಸುತ್ತದೆ, ಕಾಗದ ತಿಂಗಳಾದರೂ ಬರುವುದಿಲ್ಲ. ನಿಜ, ಆದರೆ ಅದು ಕಲಮಿನ ದೋಷವಲ್ಲ. ಅಧಿಕಾರವನ್ನು ಕೆಳಗಿಳಿಸಲು ಅದರಲ್ಲೇ ದಾರಿಯಿದೆ. ಕೇರಳ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಅದನ್ನು ಕೊಟ್ಟಿತು, ವಿಷ, ಸ್ಫೋಟಕ, ವಿದ್ಯುತ್ ಬಳಸಬಾರದೆಂಬ ಷರತ್ತಿನೊಂದಿಗೆ. ಚುನಾವಣೆಗೆ ನಿಲ್ಲುವವರು ಬರೆಯುವ ಕಾರಣದ ಮೇಲೆ ನನಗೆ ಅಷ್ಟು ಭರವಸೆಯಿಲ್ಲ; ಆಯಾ ಕಡೆಯ ವಲಯ ಅರಣ್ಯಾಧಿಕಾರಿಗೆ ಕೊಡುವುದು ಮೇಲು. ಬಂದೂಕಿನ ಮಾತಿಗೆ ಬಂದರೆ, 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆಂದು ಹೆಸರಿಸುವುದು ನಳಿಕೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು: ಒಂದು ಗುಂಡು, ಮತ್ತೆ ತುಂಬಲು ಹೊತ್ತು. ಎತ್ತರದ ಕಬ್ಬಿನೊಳಕ್ಕೆ ಸದ್ದು ಕೇಳಿ ಅದನ್ನು ಹಾರಿಸಿದರೆ ಗಾಯಗೊಂಡ ಹಂದಿ ಉಳಿಯುತ್ತದೆ, ಇಲ್ಲವೇ ಪಕ್ಕದ ಹೊಲ ಕಾಯುವವನಿಗೆ ಏಟು ಬೀಳುತ್ತದೆ. ಹಾಗಾಗಿ ಆದೇಶದಲ್ಲಿ ಸರ್ವೆ ನಂಬರು, ಅವಧಿ, ಬಂದೂಕುದಾರನ ಹೆಸರು ಇರಬೇಕು; ನಿಂತ ಕಬ್ಬಿನೊಳಕ್ಕೆ ಗುಂಡು ಹಾರಿಸಬಾರದೆಂಬ ಸಾಲೂ, ಬಿದ್ದ ಹಂದಿಯ ಪಂಚನಾಮೆ ಮರುದಿನವೇ ಆಗಬೇಕೆಂಬ ಸಾಲೂ ಇರಬೇಕು.