ಕಾಣದ ತಂದೆ: ಕುಮಾರರಾಮನ ಕಥೆಯ ದುರಂತನೆಲೆ

ಕಡ್ಡಿರಾಂಪುರದ ಮೂಲಕ ಹಂಪೆಗೆ ಬರುವವರಿಗೆ ಎದುರಾಗುವ ಹೇಮಕೂಟದಲ್ಲಿ, ವೀರ ಕಂಪಿಲದೇವನು ತನ್ನ ತಂದೆ ಮುಮ್ಮಡಿ ಸಿಂಗೆಯ ನಾಯಕ ಹಾಗೂ ತಾಯಿಯ ನೆನಪಿಗೆ ಶಿವಲಿಂಗಗಳನ್ನು ಪ್ರತಿಷ್ಠಾಪಿಸಿದನೆಂದು ಶಾಸನವೊಂದು ತಿಳಿಸುತ್ತದೆ. ಹೆತ್ತವರ ಋಣವನ್ನು ಕಲ್ಲಿನಲ್ಲಿ ಬರೆಸಿದ ಈ ಅರಸನೇ ಸಾಂಗತ್ಯಕಾವ್ಯಗಳಲ್ಲಿ ಮಗನ ತಲೆಯನ್ನು ತರಲು ಆಜ್ಞಾಪಿಸುವ ತಂದೆ. ಶಾಸನ ಮತ್ತು ಕಾವ್ಯಗಳು ಒಂದನ್ನೊಂದು ಪ್ರಮಾಣೀಕರಿಸುವುದಿಲ್ಲ. ಆದರೆ ಅವುಗಳ ನಡುವಣ ಅಂತರ ವಿಚಾರಾರ್ಹ.

16ನೆಯ ಶತಮಾನದ ನಂಜುಂಡ ಕವಿಯೇ ಮೊದಲಾದವರು ರಾಮನನ್ನು ‘ಪರನಾರಿಸಹೋದರ’ನೆಂದು ಕೊಂಡಾಡಿದ್ದಾರೆ. ಚೆಂಡನ್ನರಸಿ ಬಂದ ಅವನನ್ನು ಮಲತಾಯಿ ರತ್ನಾಜಿ ಮೋಹಿಸುತ್ತಾಳೆ. ತಿರಸ್ಕೃತಳಾಗಿ ಅವನ ಮೇಲೆಯೇ ದೂರುತ್ತಾಳೆ. ಇದನ್ನು ಮಗನ ಶೀಲ, ಮಲತಾಯಿಯ ಕಾಮಗಳ ಕಥೆಯೆಂದಷ್ಟೇ ಓದಿದರೆ ಕಂಪಿಲ ಹೊಣೆಯಿಂದ ಪಾರಾಗುತ್ತಾನೆ. ದುರಂತದ ಕೇಂದ್ರವಿರುವುದು ವಿಚಾರಿಸದೆ ನಂಬಿದ ಅವನ ಕುರುಡಿನಲ್ಲಿ.

ಯೂರಿಪಿಡೀಸನ ‘ಹಿಪ್ಪೊಲಿಟಸ್’ (ಕ್ರಿ.ಪೂ. 428) ನಾಟಕದ ಥೀಸಿಯಸನೂ ಇಂಥದೇ ದೂರನ್ನು ನಂಬಿ ಮಗನನ್ನು ಶಪಿಸುತ್ತಾನೆ. ಅಲ್ಲಿ ಸತ್ಯವನ್ನು ಅರುಹುವವಳು ದೇವತೆ. ಅಷ್ಟರಲ್ಲಿ ಮಗ ಸಾವಿನ ಅಂಚಿನಲ್ಲಿರುತ್ತಾನೆ. ಇಲ್ಲಿಯಾದರೋ ಮಂತ್ರಿ ಬೈಚಪ್ಪ ಆಜ್ಞೆಯನ್ನು ಮೀರಿ ರಾಮನನ್ನು ಬಚ್ಚಿಟ್ಟು, ಬೇರೊಂದು ತಲೆಯನ್ನು ತೋರಿಸುತ್ತಾನೆ. ರಾಜದ್ರೋಹವೆನಿಸಬಹುದಾದ ನಡೆಯೇ ರಾಜಕುಲದ ರಕ್ಷೆಯಾಗುತ್ತದೆ. ತಂದೆಗೆ ಮಗನ ಬೆಲೆ ತಿಳಿಯುವುದು ದೆಹಲಿಯ ಸೈನ್ಯ ಬಾಗಿಲಿಗೆ ಬಂದಾಗ; ಅವನ ಕಣ್ಣು ತೆರೆಯಿಸುವುದು ನ್ಯಾಯಕ್ಕಿಂತ ಹೆಚ್ಚಾಗಿ ಅಗತ್ಯ.

ಆಶ್ರಯ ಬೇಡಿ ಬಂದ ಬಹಾವುದ್ದೀನನನ್ನು ಸುಲ್ತಾನನಿಗೆ ಒಪ್ಪಿಸದೆ, 1327ರ ಸುಮಾರಿಗೆ ಕಂಪಿಲ ರಾಜ್ಯಸಮೇತ ಅಳಿದನು. ಈ ನಿಷ್ಠೆಯನ್ನು ಇಬ್ನ್ ಬತೂತಾ ದಾಖಲಿಸಿದ್ದಾನೆ. ಇತಿಹಾಸದಲ್ಲಿ ಪರಕೀಯನಿಗೆ ದೊರೆತ ಆ ನಂಬಿಕೆ ಕಾವ್ಯದಲ್ಲಿ ಮಗನಿಗೆ ದೊರೆಯಲಿಲ್ಲ.