ಶಾಸನದ ಕಲ್ಲಿಗೆ ಬಣ್ಣ ಬೇಡವೇ? ವೈಟ್ ಬ್ಯಾಲೆನ್ಸ್ ಬಗ್ಗೆ ಒಂದು ತಕರಾರು

ಈಚೆಗೆ ಶಾಸನಾಸಕ್ತರು ಹಂಚಿಕೊಳ್ಳುವ ಚಿತ್ರಗಳ ಬಗ್ಗೆ ನನ್ನದೊಂದು ತಕರಾರಿದೆ. ಅಕ್ಷರ ಚೆನ್ನಾಗಿ ಕಾಣುತ್ತೆ, ಫೋಕಸ್ ಸರಿಯಿರುತ್ತೆ, ಪಕ್ಕದಲ್ಲಿ ಅಳತೆಪಟ್ಟಿಯನ್ನೂ ಇಟ್ಟಿರ್ತಾರೆ. ಕಲ್ಲಿನ ಬಣ್ಣ ಮಾತ್ರ ಎಲ್ಲಿಯದೂ ಅಲ್ಲ. ಒಂದೇ ವೀರಗಲ್ಲು ಒಬ್ಬರ ಫೋನಿನಲ್ಲಿ ಹಸಿರು ಛಾಯೆಯ ಬಳಪದ ಕಲ್ಲಾಗಿ, ಇನ್ನೊಬ್ಬರದರಲ್ಲಿ ಕಂದು ಕಣಶಿಲೆಯಾಗಿ ಕಾಣುತ್ತದೆ. ಕೆಳಗೆ "ಕಲ್ಲು ನೋಡಿದರೇ ಗೊತ್ತಾಗತ್ತೆ, ಹೊಯ್ಸಳರ ಕಾಲದ್ದು" ಎಂಬ ತೀರ್ಪೂ ಬಂದುಬಿಡುತ್ತೆ. ಆ ತೀರ್ಪಿಗೆ ಆಧಾರ ಏನಪ್ಪಾ ಅಂದರೆ ಕ್ಯಾಮರಾದ ಆಟೋ ವೈಟ್ ಬ್ಯಾಲೆನ್ಸ್.

ಇದನ್ನು ಎತ್ತಿದಾಗಲೆಲ್ಲ ಸಿಗುವ ಉತ್ತರ ಒಂದೇ: ನಮಗೆ ಬೇಕಾದ್ದು ಪಾಠ, ಬಣ್ಣ ಕಟ್ಕೊಂಡು ಏನು ಮಾಡೋದು? ಈ ಧೋರಣೆಗೆ ದೊಡ್ಡ ಪರಂಪರೆಯೇ ಇದೆ. 1886ರಲ್ಲಿ ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ ಹೊರತಂದ ಕಾಲದಿಂದ ನಮ್ಮ ಕಣ್ಣು ಪಳಗಿರುವುದು ಮಸಿ ಅಚ್ಚಿಗೆ. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ಮಸಿ ತಟ್ಟಿದರೆ ಕಪ್ಪಿನ ನಡುವೆ ಬಿಳಿ ಅಕ್ಷರ ಎದ್ದು ಬರುತ್ತೆ. ಓದಲು ಅದಕ್ಕಿಂತ ಒಳ್ಳೆಯ ಸಾಧನ ಇವತ್ತಿಗೂ ಕಡಿಮೆ. ಈಗ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದರಲ್ಲೂ ಓದಿಗೆ ನೆರವಾಗುವುದು ಕಲ್ಲಿನ ಉಬ್ಬುತಗ್ಗು. ಸರಿ. ಆದರೆ ಅಚ್ಚಾಗಲೀ ಉಬ್ಬುತಗ್ಗಿನ ಮಾದರಿಯಾಗಲೀ ಹೇಳಲಾರದ ಸಂಗತಿಗಳನ್ನು ಫೋಟೋ ಹೇಳಬಲ್ಲದು. ಕಲ್ಲು ಯಾವುದು, ಅಕ್ಷರದ ಗೀರಿನಲ್ಲಿ ಉಳಿದಿರುವುದು ಕುಂಕುಮವೋ ಆಯಿಲ್ ಪೇಂಟೋ, ಕಲೆ ಕಲ್ಲುಹೂವಿನದೋ ಹಿಂದೆ ಅಚ್ಚು ತೆಗೆದವರ ಮಸಿಯದೋ, ಒಂದು ಸಾಲು ಮಾತ್ರ ಆಮೇಲೆ ಕೊರೆದದ್ದೋ. ರಸ್ತೆ ಅಗಲ ಮಾಡುವಾಗ ಕಲ್ಲು ಹೋದರೆ, ಜೀರ್ಣೋದ್ಧಾರದ ಹೆಸರಿನಲ್ಲಿ ಅದಕ್ಕೆ ಪೇಂಟ್ ಬಳಿದರೆ, ಇದಕ್ಕೆಲ್ಲ ಸಾಕ್ಷಿಯಾಗಿ ಉಳಿಯುವುದು ಆ ಫೋಟೋ ಒಂದೇ.

ಆಟೋ ಎಡವುವುದು ಎಲ್ಲಿ ಎಂಬುದಕ್ಕೆ ಬಾದಾಮಿಗಿಂತ ಒಳ್ಳೆಯ ಉದಾಹರಣೆ ಬೇಡ. ಮೂರನೆಯ ಗುಹೆಯಲ್ಲಿರುವ ಮಂಗಳೇಶನ ಕ್ರಿ.ಶ. 578ರ ಶಾಸನವನ್ನೇ ತೆಗೆದುಕೊಳ್ಳಿ. ಹತ್ತಿರದಿಂದ ತೆಗೆದರೆ ಚೌಕಟ್ಟಿನ ತುಂಬ ಕೆಂಪು ಮರಳುಗಲ್ಲೇ. ಚಿತ್ರದ ಬಣ್ಣಗಳ ಸರಾಸರಿ ಬೂದು ಆಗಿರಬೇಕು ಎಂಬುದು ಆಟೋದ ಹಳೆಯ, ಸರಳ ಸೂತ್ರ. ಈಗಿನ ಫೋನುಗಳು ಇದಕ್ಕಿಂತ ಜಾಣವಾಗಿವೆ ನಿಜ, ಆದರೆ ಹೋಲಿಸಲು ಬೇರೆ ಬಣ್ಣವೇ ಇಲ್ಲದಾಗ ಅವೂ ಮುಗ್ಗರಿಸುತ್ತವೆ. ಕೆಂಪು ಕಲ್ಲಿನದಲ್ಲ, ಬೆಳಕಿನದು ಅಂದುಕೊಂಡು ಅದನ್ನು ಕಳೆಯುತ್ತವೆ. ಬಾದಾಮಿ ಕಲ್ಲು ಸಿಮೆಂಟಿನ ಹಾಗೆ ಕಾಣುತ್ತೆ. ಹಳೇಬೀಡಿನ ಹಸಿರುಮಿಶ್ರಿತ ಬೂದು ಕಲ್ಲಿನಲ್ಲಿ ಇದೇ ತಿರುವುಮುರುವಾಗಿ ನಸುಗೆಂಪು ಛಾಯೆ ಬರುತ್ತೆ.

ಪರಿಹಾರ ಗೊತ್ತಿರುವುದೇ: ಬಣ್ಣವಿಲ್ಲದ ಒಂದು ವಸ್ತುವನ್ನು ಕಲ್ಲಿನ ಪಕ್ಕ ಇಟ್ಟು ಒಂದು ಚಿತ್ರ ತೆಗೆದು, ಕ್ಯಾಮರಾದ ಕಸ್ಟಮ್ ವೈಟ್ ಬ್ಯಾಲೆನ್ಸಿಗೆ ಅದನ್ನೇ ತೋರಿಸುವುದು. ಇಲ್ಲವೇ ರಾ ಫೈಲ್ ತೆಗೆದು, ಮನೆಗೆ ಬಂದ ಮೇಲೆ ಡಾರ್ಕ್‌ಟೇಬಲ್‌ನಂಥ ಉಚಿತ ತಂತ್ರಾಂಶದಲ್ಲಿ ಅದರ ಮೇಲೆ ಕ್ಲಿಕ್ ಮಾಡುವುದು. ಎಡವಟ್ಟಾಗುವುದು ವಸ್ತುವಿನ ಆಯ್ಕೆಯಲ್ಲಿ. ಜೇಬಿನಲ್ಲಿರುವ ಎ4 ಹಾಳೆಯಲ್ಲಿ ಬೆಳ್ಳಗೆ ಕಾಣಿಸುವ ರಾಸಾಯನಿಕ ಇರುತ್ತೆ. ಅದು ಬಿಸಿಲಿನ ಅತಿನೇರಳೆಯನ್ನು ಹೀರಿ ನೀಲಿಯಾಗಿ ಹೊಳೆಯುತ್ತೆ. ಅದನ್ನು ಬಿಳಿ ಎಂದು ನಂಬಿದರೆ ಕಲ್ಲು ಹಳದಿಗೆ ತಿರುಗುತ್ತೆ. ದೇವಸ್ಥಾನದ ಸುಣ್ಣದ ಗೋಡೆಯೂ ಬೇಡ, ಜೊತೆಗೆ ಬಂದವರ ಪಂಚೆಯೂ ಬೇಡ: ಎರಡಕ್ಕೂ ನೀಲಿ ಹಾಕುವ ವಾಡಿಕೆ ನಮ್ಮದು! ಅಕ್ಷರ ಎದ್ದು ಕಾಣಲೆಂದು ತುಂಬಿದ ಮೈದಾ ಹಿಟ್ಟಿನ ಮೇಲೆ ಕ್ಲಿಕ್ ಮಾಡುವವರೂ ಇದ್ದಾರೆ. ಮೈದಾ ಕೆನೆಬಣ್ಣದ್ದು, ಜೊತೆಗೆ ಕಲ್ಲಿನ ಪುಡಿಯನ್ನೂ ಹತ್ತಿಸಿಕೊಂಡಿರುತ್ತೆ.

ಗ್ರೇ ಕಾರ್ಡ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ತನ್ನಿ. ತಮಾಷೆಯಲ್ಲ, ಪ್ರಯೋಗಾಲಯಗಳಲ್ಲಿ ಬೆಳಕಿನ ಪ್ರತಿಫಲನ ಅಳೆಯಲು ಬಳಸುವ ಬಿಳಿ ಬಿಲ್ಲೆಗಳೂ ಇದೇ ವಸ್ತುವಿನವು. ಒಂದು ಪದರ ಪಾರದರ್ಶಕ; ಹಳೆಯ ಕಾರ್ಡಿಗೆ ದಪ್ಪಗೆ, ಹಿಂದಿನದು ಕಾಣದಷ್ಟು ಸುತ್ತಬೇಕು. ಎಕ್ಸ್‌ಪೋಷರ್ ಸ್ವಲ್ಪ ಕಮ್ಮಿ ಇಡಿ, ಬಿಳಿ ಸುಟ್ಟುಹೋದರೆ ಅದರಿಂದ ಲೆಕ್ಕ ಸಿಗಲ್ಲ.

ಇಷ್ಟೂ ಸುಲಭದ ಭಾಗ. ನಾವು ಅಕ್ಷರ ಓದಲು ನೆಚ್ಚಿರುವ ಓರೆ ಬೆಳಕೇ ಬಣ್ಣಕ್ಕೆ ವೈರಿ ಎಂಬುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ಕಲ್ಲಿನ ಮೈಗೆ ಸೂರ್ಯನ ಬೆಳಕು. ನೆತ್ತಿಯ ಮೇಲಿದ್ದಾಗ ಸುಮಾರು 5500 ಕೆಲ್ವಿನ್ ಇರುವ ಅದು ಬೆಳಗ್ಗೆ ಸಂಜೆ ಇನ್ನೂ ಕೆಂಪು. ಗೀರಿನ ಒಳಗಿನ ನೆರಳಿಗೆ ಸಿಗುವುದು ಆಕಾಶದ ಬೆಳಕು. ಅದು 7000–8000 ಕೆಲ್ವಿನ್, ಎಂದರೆ ನೀಲಿ. ಹಾಗಾಗಿ ಅಕ್ಷರದ ಒಳಭಾಗ ಮೈಗಿಂತ ಬೇರೆ ಬಣ್ಣದಲ್ಲಿ ಕಾಣುತ್ತೆ, ಯಾವ ಕಾರ್ಡೂ ಎರಡನ್ನೂ ಒಟ್ಟಿಗೆ ಸರಿಮಾಡಲಾರದು. "ಅಕ್ಷರದ ಒಳಗೆ ಹೊಸ ಕಲ್ಲು ಕಾಣ್ತಿದೆ, ಈಚೆಗೆ ಕೊರೆದದ್ದು" ಎಂಬ ಆರೋಪವನ್ನು ಇಂಥ ಚಿತ್ರದ ಮೇಲೆ ಹೊರಿಸಬಾರದು. ಶಾಸನ ನಕಲಿ ಎನ್ನುವುದು ಸಣ್ಣ ಮಾತಲ್ಲ, ಊರಿನವರ ಹಕ್ಕು, ಜಗಳ ಎಲ್ಲ ಅದಕ್ಕೆ ತಗುಲಿಕೊಂಡಿರುತ್ತೆ.

ಆದ್ದರಿಂದ ನನ್ನ ಒತ್ತಾಯ: ಓದುವುದಕ್ಕೆ ಒಂದು ಚಿತ್ರ, ಬಣ್ಣಕ್ಕೆ ಇನ್ನೊಂದು. ಎರಡನೆಯದು ಇಡೀ ಕಲ್ಲು ಒಂದೇ ನೆರಳಿನಲ್ಲಿರುವಾಗ, ಕಾರ್ಡನ್ನು ಕಲ್ಲಿನ ಸಮತಲದಲ್ಲೇ, ಅದೇ ದಿಕ್ಕಿಗೆ ಮುಖ ಮಾಡಿ ಹಿಡಿದು ತೆಗೆದದ್ದು. ಕಾರ್ಡನ್ನು ಆಕಾಶಕ್ಕೆ ತಿರುಗಿಸಿದರೆ ಅದು ಬೇರೆಯೇ ಬೆಳಕನ್ನು ನೋಡುತ್ತೆ. ನೆರಳಿಗೆ ಕಪ್ಪು ಕೊಡೆ ಹಿಡಿಯಬಹುದು. ನೀಲಿ ಟಾರ್ಪಾಲು, ಹೂವಿನ ಚಿತ್ರದ ಕೊಡೆ ದಯವಿಟ್ಟು ಬೇಡ. ಕಾರ್ಡಿರುವ ಚಿತ್ರವನ್ನು ಅಳಿಸದೆ, ಕತ್ತರಿಸದೆ ಮೂಲದ ಜೊತೆಗೇ ಹಂಚಿ. ಹತ್ತು ವರ್ಷದ ನಂತರ ಅದೇ ಕಲ್ಲನ್ನು ತೆಗೆಯುವವರಿಗೆ ಹೋಲಿಸಲು ಅದೊಂದೇ ದಾರಿ.

ನವರಂಗದ ಕಂಬದ ಶಾಸನಗಳು ಇನ್ನೂ ಕಷ್ಟ. ಬಾಗಿಲಿನಿಂದ ಹಗಲು, ಮೇಲಿನಿಂದ ಟ್ಯೂಬ್‌ಲೈಟು, ಗರ್ಭಗುಡಿಯಿಂದ ದೀಪ. ಕಂಬದ ಒಂದು ಮುಖಕ್ಕೆ ಸರಿಯಾದದ್ದು ಪಕ್ಕದ ಮುಖಕ್ಕೆ ಸರಿಯಿರಲ್ಲ. ಇಲ್ಲಿ ತಂತ್ರಾಂಶದ ಜೊತೆ ಗುದ್ದಾಡುವ ಬದಲು, ಪೂಜೆ ಮುಗಿದ ಹೊತ್ತು ನೋಡಿ ಅರ್ಚಕರನ್ನೇ ಕೇಳಿ. ಸಾಮಾನ್ಯವಾಗಿ ಐದು ನಿಮಿಷ ಲೈಟ್ ಆರಿಸಿಕೊಡ್ತಾರೆ. ಬಾಗಿಲ ಬೆಳಕೊಂದೇ ಉಳಿದರೆ, ಟ್ರೈಪಾಡಿನ ಮೇಲೆ ಎರಡು ಮೂರು ಸೆಕೆಂಡಿನ ಎಕ್ಸ್‌ಪೋಷರ್ ಸಾಕಾಗುತ್ತೆ.