'ಮುನಿಯಮ್ಮ' ಎಂಬ ಹೆಸರಿನ ನಿಷ್ಪತ್ತಿ

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯ ಸೀಮೆಯಲ್ಲಿಯೂ ಕೋಲಾರದ ಕಡೆಯಲ್ಲಿಯೂ ಪ್ರಚುರವಾಗಿರುವ 'ಮುನಿಯಮ್ಮ' ಎಂಬ ಹೆಸರನ್ನು ಕೋಪಾರ್ಥದ 'ಮುನಿ' ಧಾತುವಿನಿಂದ ಸಾಧಿಸುವುದು ಸುಲಭ. ಆದರೆ ಅದನ್ನು ನಾವು ಒಪ್ಪಲಾರೆವು. ಹಾಗಾದರೆ ಮುನಿಯಪ್ಪ, ಮುನಿಸ್ವಾಮಿ, ಮುನಿವೆಂಕಟಪ್ಪ ಎಂಬ ಗಂಡುಹೆಸರುಗಳನ್ನು ಬಿಡಿಸುವ ಬಗೆ ಯಾವುದು? ವೆಂಕಟಪತಿಗೆ ಮುನಿಸನ್ನು ಯಾರೂ ಅಂಟಿಸರು! 'ಋಷಿ' ಎಂಬ ಸಂಸ್ಕೃತಾರ್ಥವೂ ಇಲ್ಲಿ ನೇರವಾಗಿ ಹೊಂದದು. ತಪಸ್ವಿನಿಯನ್ನು ನೆನೆದು ಇಟ್ಟ ಹೆಸರು ಇದಲ್ಲ. ನಡುವೆ ಒಬ್ಬ ದೇವರಿದ್ದಾನೆ. ಊರ ಹೊರಗೆ ಮರದಡಿಯಲ್ಲಿ ಪೂಜೆಗೊಳ್ಳುವ ಮುನೀಶ್ವರನೇ ಅವನು. ಅವನಿಗೆ ಹರಕೆ ಹೊತ್ತು ಪಡೆದ ಕೂಸು ಗಂಡಾದರೆ ಮುನಿಯಪ್ಪ, ಹೆಣ್ಣಾದರೆ ಮುನಿಯಮ್ಮ. ತಮಿಳುನಾಡಿನ ಮುನಿಯಾಂಡಿ, ಮುನುಸಾಮಿ ಎಂಬ ಹೆಸರುಗಳೂ ಇದೇ ಬಳಿಯವು. ಇದನ್ನು ಗ್ರಾಮ್ಯವೆಂದು ಹಳಿಯುವವರು ಆ ಹರಕೆಯನ್ನು ಮರೆತಿದ್ದಾರೆ. 'ಮುನಿ'ಗೆ 'ಅಮ್ಮ' ಸೇರಿ ಯಕಾರಾಗಮವಾಗಿದೆ. ಈ 'ಅಮ್ಮ' ತಾಯ್ತನವನ್ನಲ್ಲ, ಗೌರವವನ್ನು ಸೂಚಿಸುತ್ತದೆ, ತೊಟ್ಟಿಲಲ್ಲಿರುವ ಮಗುವಿಗೂ ಕೂಡ.